ಗವಾಕ್ಷಿ, ಬೆಳಕಿಂಡಿ, ಸೀಳು: ಆಧುನಿಕ ಚರ್ಚುಗಳ ಬೆಳಕಿಗೆ ಯಾವ ಪದ?

ಪ್ರಶ್ನೆ: ಆಧುನಿಕ ಚರ್ಚುಗಳ ಕುರಿತ ಬರಹದಲ್ಲಿ ಸ್ಕೈಲೈಟ್, ಗೋಡೆಯ ಸೀಳು, ಬಣ್ಣದ ಗಾಜು ಎಲ್ಲಕ್ಕೂ ‘ಗವಾಕ್ಷಿ’ ಎಂದೇ ಬಳಸಬಹುದೆ?

ಉತ್ತರ: ಬೇಡ. ಬೆಳಕು ಎಲ್ಲಿಂದ ಬರುತ್ತದೆ, ಅದು ಬರುವ ಬಾಯಿ ಪ್ರಾರ್ಥನೆಗೆ ಕೂತವರಿಗೆ ಕಾಣುತ್ತದೆಯೇ ಎಂಬುದೇ ಈ ಕಟ್ಟಡಗಳ ಜೀವಾಳ. ಪದವೂ ಅದನ್ನು ಹೇಳಬೇಕು.

ಚಾವಣಿಯಲ್ಲಿ ತೆರೆದದ್ದಕ್ಕೆ ‘ಬೆಳಕಿಂಡಿ’ ಸಾಕು. ಹೆಲ್ಸಿಂಕಿಯ ಟೆಂಪೆಲಿಯಾಕಿಯೊ ಚರ್ಚಿನಲ್ಲಿ (1969) ತಾಮ್ರದ ಗುಮ್ಮಟಕ್ಕೂ ಬಂಡೆಯ ಗೋಡೆಗೂ ನಡುವೆ ಸುತ್ತಲೂ ಇರುವುದು ಬೆಳಕಿಂಡಿಗಳ ಸಾಲೇ.

ಫ್ರಾನ್ಸಿನ ರೊನ್‌ಶಾಂಪ್‌ ಪ್ರಾರ್ಥನಾಲಯದಲ್ಲಿ (1955) ತೊಡಕು ಹೆಚ್ಚು. ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಅಲ್ಲಿನ ದಪ್ಪನೆಯ ದಕ್ಷಿಣ ಗೋಡೆಯಲ್ಲಿ ಕೊರೆದ ತೆರಪುಗಳಲ್ಲಿ ಹಲವು ಹೊರಗೆ ಕಿರಿದು, ಒಳಗೆ ಅಗಲ. ಓರೆಯಾದ ಆ ಬದಿಗಳು ಬೆಳಕನ್ನು ಹಿಡಿದು ಹಂತಹಂತವಾಗಿ ಮಂಕಾಗಿಸುತ್ತವೆ. ಹೊಳೆಯುವ ಗಾಜಿನ ಪಕ್ಕದಲ್ಲೇ ಕಪ್ಪು ಗೋಡೆ ಇದ್ದರೆ ಆಗುವ ತೀವ್ರ ವ್ಯತ್ಯಾಸ ಇಲ್ಲಿ ಆಗುವುದಿಲ್ಲ. ‘ಓರೆಬದಿಯ ಕಿಂಡಿ’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅಲ್ಲೇ ಗೋಡೆಗೂ ಚಾವಣಿಗೂ ನಡುವೆ ಸುಮಾರು 10 ಸೆಂ.ಮೀ. ತೆರಪಿದೆ. ಅದನ್ನು ‘ಬಿರುಕು’ ಎಂದು ಬರೆದರೆ ಕಟ್ಟಡ ಕೆಟ್ಟಿದೆ ಎಂದಾಗುತ್ತದೆ. ಬೇಕೆಂದೇ ಬಿಟ್ಟದ್ದಕ್ಕೆ ‘ಸೀಳು’ ಸರಿ. ಜಪಾನಿನ ಇಬರಾಕಿಯಲ್ಲಿ ತದಾವೊ ಆಂಡೊ ಕಟ್ಟಿದ ಚರ್ಚಿಗೂ (1989) ಇದೇ ಪದ ಹೊಂದುತ್ತದೆ. ಬಲಿಪೀಠದ ಹಿಂದಿನ ಕಾಂಕ್ರೀಟ್ ಗೋಡೆಯಲ್ಲಿ ಅಡ್ಡ ಸೀಳೂ ಉದ್ದ ಸೀಳೂ ಸೇರಿ ಶಿಲುಬೆಯಾಗಿವೆ. ‘ಶಿಲುಬೆಯಾಕಾರದ ಕಿಟಕಿ’ ಎಂದರೆ ಚೌಕಟ್ಟು, ಕದ ನೆನಪಾಗಿ ಆ ಗೋಡೆಯ ಬಿಗಿಯೇ ಹೋಗಿಬಿಡುತ್ತದೆ.

ಸಿಯಾಟಲ್‌ನ ಸಂತ ಇಗ್ನೇಷಿಯಸ್ ಪ್ರಾರ್ಥನಾಲಯದಲ್ಲಿ (1997) ಬಣ್ಣದ ಗಾಜೂ ಇದೆ, ಅಡ್ಡಗೋಡೆಗಳ ಮರೆಯ ಬದಿಗೆ ಬಳಿದ ಬಣ್ಣವೂ ಇದೆ. ಹಗಲು ಬೆಳಕು ಆ ಬದಿಗೆ ತಾಗಿ, ಬಣ್ಣ ಹೊತ್ತು ಒಳಗೆ ಬರುತ್ತದೆ. ಬಣ್ಣ ಬಳಿದ ಜಾಗ ಮಾತ್ರ ಕಾಣುವುದಿಲ್ಲ. ಇದು ‘ಪುಟಿದ ಬೆಳಕು’. ಬರಿದೇ ‘ಬಣ್ಣದ ಗಾಜು’ ಎಂದರೆ ಅರ್ಧ ಸತ್ಯ.

ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿನ (1961) ದಪ್ಪ ನೀಲಿ ಗಾಜು ಕೂತಿರುವುದು ಕಾಂಕ್ರೀಟ್ ಚೌಕಗಳಲ್ಲಿ, ಸೀಸದ ಪಟ್ಟಿಯಲ್ಲಲ್ಲ. ‘ಗಾಜು ತುಂಬಿದ ಜಾಲಂಧ್ರ’ (ಜಾಲರಿಯಂಥ ಕಿಟಕಿ) ಎನ್ನಲು ಅಡ್ಡಿಯಿಲ್ಲ. ‘ಜಾಲಂಧ್ರ’ದಂಥ ಪದ ನಮ್ಮಲ್ಲಿರುವಾಗ ಹೊಸದನ್ನು ಟಂಕಿಸಬೇಕಿಲ್ಲ. ಗೋಡೆ ಎರಡು ಪದರದ್ದು, ನಡುವೆ ದೀಪಗಳಿವೆ. ಆದ್ದರಿಂದ ರಾತ್ರಿಯೂ ನೀಲಿ ಉಳಿಯುತ್ತದೆ.

ಪ್ರಶ್ನೆ: ‘ಕಣ್ಣು ಕೋರೈಸುವ ಬೆಳಕು’ ಎಂದು ಹೊಗಳಬಹುದೆ?

ಉತ್ತರ: ವಿನ್ಯಾಸದ ಬರಹದಲ್ಲಿ ಅದು ದೋಷದ ಹೆಸರು. ಬಲಿಪೀಠದ ಹಿಂದೆ ದೊಡ್ಡ ಗಾಜಿಟ್ಟರೆ ಗುರುಗಳ ಮುಖ ಕಪ್ಪು ನೆರಳಾಗುತ್ತದೆ, ಓದುವವರ ತುಟಿಯೂ ಕಾಣದು. ಅದಕ್ಕೇ ಹಲವೆಡೆ ಗಾಜನ್ನು ಪಕ್ಕದ ಗೋಡೆಯ ಮರೆಗೆ ಸರಿಸಿ, ಬೆಳಕು ಹಿಂಗೋಡೆಯನ್ನು ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ಇದಕ್ಕೆ ‘ಸವರುಬೆಳಕು’ ಎನ್ನಿ, ಮೆಚ್ಚುಗೆಗೆ ‘ಹದವಾದ ಬೆಳಕು’ ಎನ್ನಿ. ‘ಗವಾಕ್ಷಿ’ಯನ್ನು ಗೋಡೆಯ ಮೇಲ್ಭಾಗದ ಸಣ್ಣ ಕಿಂಡಿಗೆ ಉಳಿಸಿಕೊಳ್ಳಿ.