ಓಪನ್‌ಡಬ್ಲ್ಯೂಆರ್‌ಟಿ 19.07ರಿಂದ 23.05ಕ್ಕೆ ಅಪ್‌ಗ್ರೇಡ್ ಆದ ಮೇಲೆ ಲ್ಯಾನ್ ಪೋರ್ಟ್ ಯಾವುದೂ ಕೆಲಸ ಮಾಡ್ತಿಲ್ಲ

ದೀಪದಕಂಬ:
ಎಲ್ಲರಿಗೂ ನಮಸ್ಕಾರ. ಎಂಟಿ7621 ಚಿಪ್ ಇರುವ ಹಳೇ ರೂಟರ್. 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್. ಓಪನ್‌ಡಬ್ಲ್ಯೂಆರ್‌ಟಿ (ರೂಟರಿಗೆ ಹಾಕುವ ಮುಕ್ತ ಫರ್ಮ್‌ವೇರ್) 19.07 ಯಾವ ತಕರಾರೂ ಇಲ್ಲದೆ ಓಡ್ತಿತ್ತು. ಸೆಕ್ಯೂರಿಟಿ ಅಪ್‌ಡೇಟ್ ನಿಂತು ತುಂಬ ಕಾಲ ಆಯ್ತಲ್ಲ ಅಂತ 23.05ರ ಸಿಸ್‌ಅಪ್‌ಗ್ರೇಡ್ ಇಮೇಜ್ (ಅಪ್‌ಗ್ರೇಡ್ ಫೈಲ್) ಇಳಿಸಿಕೊಂಡು ಲೂಸಿ (ಬ್ರೌಸರಿನಲ್ಲಿ ತೆರೆಯುವ ಸೆಟ್ಟಿಂಗ್) ಪುಟದಿಂದಲೇ ಹಾಕಿದೆ. ಮಾಡೆಲ್, ವರ್ಷನ್ ಎಲ್ಲ ಸರಿಯಾಗಿಯೇ ಇತ್ತು. ಫೈಲ್ ಸರಿಯಾಗಿ ಇಳಿದಿದೆಯಾ ಅಂತ ನೋಡುವ ಎಸ್‌ಎಚ್‌ಎ256 ಕೂಡ ತಾಳೆ ಆಯ್ತು.

ಇಮೇಜ್ ಅಪ್‌ಲೋಡ್ ಆದ ಕೂಡಲೇ ಒಂದು ಉದ್ದದ ಸಂದೇಶ ಬಂತು. ಇಮೇಜ್ ಈ ಸಾಧನಕ್ಕೆ ಹೊಂದುವುದಿಲ್ಲ ಅನ್ನೋ ತರಹ. ಕೊನೆಯಲ್ಲಿ ಇಮೇಜ್ 1.1, ಡಿವೈಸ್ 1.0 ಅಂತ ಇತ್ತು, ಫೋರ್ಸ್ ಬೇಕು ಅಂತಲೂ ಇತ್ತು. ಫೋರ್ಸ್ ಟಿಕ್ ಮಾಡಿದ ಮೇಲೆ ಅಪ್‌ಗ್ರೇಡ್ ಮುಂದುವರಿಯಿತು.

ಈಗ ಪವರ್ ಲೈಟ್ ಸ್ಥಿರವಾಗಿದೆ. ಕೇಬಲ್ ಹಾಕಿದರೆ ಪೋರ್ಟ್ ಲೈಟೂ ಬರುತ್ತೆ. ಆದರೆ ಕಂಪ್ಯೂಟರಿಗೆ 169.254ರಿಂದ ಶುರುವಾಗುವ ವಿಳಾಸ ಮಾತ್ರ ಸಿಗ್ತಿದೆ. ಕೈಯಾರೆ 192.168.1.2 ಕೊಟ್ಟು ಪಿಂಗ್ ಮಾಡಿದರೂ ಉತ್ತರ ಇಲ್ಲ. ಇಂಟರ್ನೆಟ್ಟಂತೂ ಇಲ್ಲವೇ ಇಲ್ಲ. ರೂಟರ್ ಬ್ರಿಕ್ ಆಗಿದೆಯಾ, ಅಂದರೆ ಪೂರ್ತಿ ಕೆಟ್ಟುಹೋಗಿದೆಯಾ? ಇನ್ನೊಮ್ಮೆ ಫ್ಲಾಶ್ ಮಾಡಬೇಕಾ?

ಮೂರನೇಪೋರ್ಟ್:
ಟಿಎಫ್‌ಟಿಪಿ ರಿಕವರಿಯಲ್ಲಿ (ಬೂಟ್‌ಲೋಡರಿಗೆ ಕೇಬಲ್ ಮೂಲಕ ಇಮೇಜ್ ಕಳಿಸುವ ದಾರಿ) ತಯಾರಕರ ಫರ್ಮ್‌ವೇರಿಗೆ ವಾಪಸ್ ಹೋಗಿ, ಅಲ್ಲಿಂದ ಹೊಸದಾಗಿ 23.05 ಹಾಕಿ. ಎಲ್ಲಕ್ಕಿಂತ ಖಚಿತವಾದ ದಾರಿ ಅದೇ.

ತಂತಿಜಾಲ:
ಸ್ವಲ್ಪ ತಾಳಿ, ಈಗಲೇ ಟಿಎಫ್‌ಟಿಪಿ ಬೇಡ. ರೂಟರ್ ಎದ್ದು ನಿಂತಿದೆ ಅಂದ ಮೇಲೆ ಅದು ಬ್ರಿಕ್ ಅಲ್ಲ. ಮೊದಲು ಎರಡು ವಿಷಯ ಹೇಳಿ. ಹಳೇ ವೈಫೈ ಹೆಸರು ಫೋನಿನಲ್ಲಿ ಕಾಣಿಸ್ತಿದೆಯಾ? ಅಪ್‌ಗ್ರೇಡ್ ಮಾಡುವಾಗ ‘ಕೀಪ್ ಸೆಟ್ಟಿಂಗ್ಸ್’ ಟಿಕ್ ಹಾಗೇ ಇತ್ತಾ?

ದೀಪದಕಂಬ:
ಹೌದು, ವೈಫೈ ಹೆಸರು ಕಾಣಿಸ್ತಿದೆ. ಈಗ ಫೋನ್ ಸೇರಿಸಿ ನೋಡಿದೆ. 192.168.1 ಸಾಲಿನ ವಿಳಾಸ ಸಿಕ್ಕಿತು, ಲೂಸಿಯೂ ತೆರೆಯಿತು, ಅದರಲ್ಲಿ 23.05 ಅಂತಲೇ ಇದೆ! ಕೀಪ್ ಸೆಟ್ಟಿಂಗ್ಸ್ ಟಿಕ್ ಮೊದಲೇ ಇತ್ತು, ಅದನ್ನು ಮುಟ್ಟಲಿಲ್ಲ.

ತಂತಿಜಾಲ:
ಹಾಗಾದರೆ ಫರ್ಮ್‌ವೇರ್ ಸರಿಯಾಗಿಯೇ ಕೂತಿದೆ. ಹಳೆಯದಾಗಿ ಉಳಿದಿರೋದು ನಿಮ್ಮ ಸೆಟ್ಟಿಂಗ್ ಫೈಲುಗಳು ಮಾತ್ರ. ಇನ್ನೊಮ್ಮೆ ಫ್ಲಾಶ್ ಮಾಡುವ ಅಗತ್ಯ ಇಲ್ಲ.

19.07ರಲ್ಲಿ ಈ ಚಿಪ್ಪಿನ ಸ್ವಿಚ್ಚನ್ನು (ಪೋರ್ಟುಗಳನ್ನು ಜೋಡಿಸುವ ಭಾಗ) ಸ್ವಿಚ್‌ಕಾನ್ಫಿಗ್ ಅನ್ನೋ ಹಳೇ ವ್ಯವಸ್ಥೆ ನೋಡಿಕೊಳ್ತಿತ್ತು. ಕರ್ನಲ್ಲಿಗೆ ಕಾಣುತ್ತಿದ್ದದ್ದು ಈಥ್0 ಅನ್ನೋ ಒಂದೇ ಸಾಧನ. ಅದರೊಳಗೆ ಬೇರೆ ಬೇರೆ ಜಾಲ ಮಾಡೋದೇ ವೀಲ್ಯಾನ್. ವೀಲ್ಯಾನ್ 1 ಅಂದರೆ ಲ್ಯಾನ್, ವೀಲ್ಯಾನ್ 2 ಅಂದರೆ ಇಂಟರ್ನೆಟ್ ಕಡೆಯ ವ್ಯಾನ್. ನಿಮ್ಮ ನೆಟ್‌ವರ್ಕ್ ಫೈಲ್ ತೆಗೆದು ನೋಡಿ. ಲ್ಯಾನ್ ಭಾಗದಲ್ಲಿ ‘ಈಥ್0.1’, ವ್ಯಾನ್ ಭಾಗದಲ್ಲಿ ‘ಈಥ್0.2’ ಅಂತ ಇರುತ್ತೆ. ಕೆಳಗೆ ಸ್ವಿಚ್ ಭಾಗದಲ್ಲಿ ‘0 1 2 3 6ಟಿ’ ತರಹದ ಸಾಲು ಇರುತ್ತೆ. ಆ 6 ಸಿಪಿಯು ಕಡೆಯ ಪೋರ್ಟ್, ಟಿ ಅಂದರೆ ಟ್ಯಾಗ್, ಪ್ಯಾಕೆಟ್ ಮೇಲೆ ವೀಲ್ಯಾನ್ ಅಂಕಿಯ ಗುರುತು.

21.02ರಿಂದ ಇಲ್ಲಿ ಸ್ವಿಚ್ ನೋಡಿಕೊಳ್ಳೋಕೆ ಡಿಎಸ್‌ಎ ಅನ್ನೋ ಹೊಸ ವ್ಯವಸ್ಥೆ ಬಂದಿದೆ. ಈಗ ಪ್ರತಿ ಪೋರ್ಟೂ ಕರ್ನಲ್ಲಿಗೆ ಬೇರೆ ಬೇರೆ ಸಾಧನವಾಗಿ ಕಾಣುತ್ತೆ: ಲ್ಯಾನ್1, ಲ್ಯಾನ್2, ಲ್ಯಾನ್3, ಲ್ಯಾನ್4, ವ್ಯಾನ್. ಇವುಗಳಲ್ಲಿ ಲ್ಯಾನ್ ಪೋರ್ಟುಗಳನ್ನೆಲ್ಲ ‘ಬಿಆರ್-ಲ್ಯಾನ್’ ಬ್ರಿಡ್ಜಿಗೆ (ಎಲ್ಲವನ್ನೂ ಒಂದೇ ಜಾಲ ಮಾಡುವ ಸಾಧನ) ಸೇರಿಸ್ತಾರೆ. ಈಥ್0 ಈಗಲೂ ಇದೆ. ಆದರೆ ಯಾವ ಪ್ಯಾಕೆಟ್ ಯಾವ ಪೋರ್ಟಿಗೆ ಅಂತ ಹೇಳಲು ಡಿಎಸ್‌ಎ ಅದರ ಮೇಲೆ ತನ್ನದೇ ಗುರುತು ಹಾಕುತ್ತೆ. ನಿಮ್ಮ ಹಳೇ ಫೈಲ್ ಇನ್ನೂ ಈಥ್0.1ಕ್ಕೇ ಕಳಿಸ್ತಿದೆ. ಆ ಪ್ಯಾಕೆಟ್ ಯಾವ ಪೋರ್ಟಿಗೂ ಮುಟ್ಟಲ್ಲ. ಪೋರ್ಟ್ ಲೈಟ್ ಬರೋದು ಬರೀ ತಂತಿಯ ಸಂಪರ್ಕದಿಂದ, ಅದನ್ನು ನಂಬಬೇಡಿ. ವೈಫೈ ಸ್ವಿಚ್ ದಾಟದೆ ನೇರವಾಗಿ ಬ್ರಿಡ್ಜಿಗೆ ಸೇರುತ್ತೆ, ಅದಕ್ಕೇ ಅದೊಂದು ಬದುಕಿದೆ. ವ್ಯಾನ್ ಈಥ್0.2ರಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಇಂಟರ್ನೆಟ್ ಇಲ್ಲ.

ನಿಮಗೆ ಬಂದ ಸಂದೇಶದಲ್ಲೇ ಇದೆಲ್ಲ ಇತ್ತು. ಫೋರ್ಸ್ ಬೇಕು ಅನ್ನೋದು ನಿಜ. ಆದರೆ ಅದೇ ಸಾಲಿನಲ್ಲಿ ಸೆಟ್ಟಿಂಗ್ ಅಳಿಸಿ ಅಂತಲೂ ಇರುತ್ತೆ, ಕಾರಣ ಸ್ವಿಚ್‌ಕಾನ್ಫಿಗ್‌ನಿಂದ ಡಿಎಸ್‌ಎಗೆ ಸೆಟ್ಟಿಂಗ್ ಬದಲಾಯಿಸಲು ಆಗಲ್ಲ ಅಂತಲೂ ಇರುತ್ತೆ. ಅಂದರೆ ಫೋರ್ಸ್ ಹಾಕಿ, ಕೀಪ್ ಸೆಟ್ಟಿಂಗ್ಸ್ ತೆಗೀರಿ. ಎರಡೂ ಒಟ್ಟಿಗೆ ಆಗಬೇಕು. ಇಷ್ಟು ಮುಖ್ಯವಾದ ಮಾತು ಸಂದೇಶದ ತುದಿಯಲ್ಲಿ, ಉದ್ದದ ಸಾಲಿನ ನಡುವೆ ಬರುತ್ತೆ. ಅದು ದೊಡ್ಡದಾಗಿ ಮೊದಲ ಸಾಲಿನಲ್ಲೇ ಕಾಣಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗ ಮಾಡಬೇಕಾದ್ದು. ವೈಫೈ ಮೂಲಕ ಲೂಸಿಗೆ ಹೋಗಿ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ. ಇದು ತೆರೆದು ಓದೋದಕ್ಕೆ ಮಾತ್ರ, ರಿಸ್ಟೋರ್ ಮಾಡೋದಕ್ಕೆ ಅಲ್ಲ. ರಿಸ್ಟೋರ್ ಮಾಡಿದರೆ ಇದೇ ಸ್ಥಿತಿ ವಾಪಸ್ ಬರುತ್ತೆ. ಪಿಪಿಪಿಒಇ (ಇಂಟರ್ನೆಟ್ ಸಂಪರ್ಕದ ಲಾಗಿನ್) ಯೂಸರ್‌ನೇಮ್ ಮತ್ತು ಪಾಸ್‌ವರ್ಡ್, ವೈಫೈ ಹೆಸರು ಮತ್ತು ಕೀ, ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಕೊಡುವ ಸ್ಥಿರ ವಿಳಾಸಗಳು, ಪೋರ್ಟ್ ಫಾರ್ವರ್ಡ್ ಇವನ್ನೆಲ್ಲ ಬೇರೆ ಬರೆದಿಟ್ಟುಕೊಳ್ಳಿ.

ಆಮೇಲೆ ಕಂಪ್ಯೂಟರನ್ನು ಕೇಬಲ್‌ನಲ್ಲಿ ಲ್ಯಾನ್ ಪೋರ್ಟಿಗೆ ಸೇರಿಸಿಟ್ಟೇ ‘ಪರ್ಫಾರ್ಮ್ ರೀಸೆಟ್’ ಒತ್ತಿ. ಕೇಬಲ್ ಯಾಕೆ ಅಂದರೆ ರೀಸೆಟ್ ಆದ ಮೇಲೆ ವೈಫೈ ಆಫ್ ಆಗಿರುತ್ತೆ. ಫೋನ್ ಹಿಡಿದು ಹುಡುಕಿದರೆ ಏನೂ ಕಾಣಲ್ಲ, ಗಾಬರಿ ಆಗುತ್ತೆ. ಹೊಸ ಸೆಟ್ಟಿಂಗ್ ಡಿಎಸ್‌ಎಗೆ ತಕ್ಕ ಹಾಗೆ ತಾನೇ ಹುಟ್ಟುತ್ತೆ, ಕೇಬಲ್ ಕೆಲಸ ಮಾಡುತ್ತೆ. 192.168.1.1 ತೆರೆಯಿರಿ, ಪಾಸ್‌ವರ್ಡ್ ಖಾಲಿ ಇರುತ್ತೆ. ಬೇರೆ ಯಾವುದಕ್ಕೂ ಮೊದಲು ಪಾಸ್‌ವರ್ಡ್ ಹಾಕಿ.

ವೈರ್‌ಲೆಸ್ ಫೈಲನ್ನು ಹಳೆಯದರಿಂದ ಹಾಗೇ ನಕಲು ಮಾಡಬೇಡಿ. ಅದರಲ್ಲಿ ರೇಡಿಯೋ ಎಲ್ಲಿದೆ ಅಂತ ಹೇಳುವ ‘ಪಾತ್’ ಸಾಲು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಹೆಸರು, ಕೀ, ದೇಶದ ಕೋಡ್ ಮಾತ್ರ ಹೊಸದಾಗಿ ತುಂಬಿ.

ವೈಫೈ ಕೂಡ ಸಿಗದೆ ಇದೇ ತೊಂದರೆಗೆ ಬಿದ್ದವರಿಗೆ ಫೇಲ್‌ಸೇಫ್ ಅನ್ನೋ ತುರ್ತು ಮೋಡ್ ಇದೆ. ಬೂಟ್ ಆಗುವಾಗ ಲೈಟ್ ಮಿನುಗಲು ಶುರುವಾದ ತಕ್ಷಣ ರೀಸೆಟ್ ಬಟನ್ ಒತ್ತಿ. ಮಿನುಗು ಇನ್ನೂ ಜೋರಾದರೆ ಫೇಲ್‌ಸೇಫ್ ಸಿಕ್ಕಿತು ಅಂತ. ಅಲ್ಲಿ ನಿಮ್ಮ ಸೆಟ್ಟಿಂಗ್ ಫೈಲನ್ನು ಅದು ಓದುವುದೇ ಇಲ್ಲ. ಕಂಪ್ಯೂಟರಿಗೆ 192.168.1.2 ಕೊಟ್ಟು 192.168.1.1ಕ್ಕೆ ಎಸ್‌ಎಸ್‌ಎಚ್ (ಆಜ್ಞೆ ಟೈಪ್ ಮಾಡುವ ಸಂಪರ್ಕ) ಮಾಡಿ, ಸೆಟ್ಟಿಂಗ್ ಅಳಿಸುವ ‘ಫಸ್ಟ್‌ಬೂಟ್’ ಆಜ್ಞೆ ಕೊಟ್ಟು ರೀಬೂಟ್ ಮಾಡಿ.

ಮೂರನೇಪೋರ್ಟ್:
ವೈಫೈ ನಡೀತಿದೆ ಅಂತ ಗೊತ್ತಿರಲಿಲ್ಲ. ಹಾಗಿದ್ದರೆ ಇದೇ ಸುಲಭ. ಒಂದು ಸಂಶಯ: ಆ ಸಂದೇಶದಲ್ಲಿ ಬಂದ ಅಂಕಿ, ಅಂದರೆ ಕಂಪ್ಯಾಟ್ ವರ್ಷನ್, 1.1 ಅಂತ ನಾವೇ ಬರೆದು ಬಿಟ್ಟರೆ ಮುಂದಿನ ಸಲ ಸಂದೇಶ ಬರಲ್ಲ ಅಲ್ವಾ?

ತಂತಿಜಾಲ:
ಬರಲ್ಲ, ನಿಜ. ಆದರೆ ನೆಟ್‌ವರ್ಕ್ ಫೈಲನ್ನು ಕೈಯಾರೆ ಪೂರ್ತಿ ಡಿಎಸ್‌ಎಗೆ ಬದಲಾಯಿಸಿದವರು ಮಾತ್ರ ಅದನ್ನು ಬರೆಯಬೇಕು. ರೀಸೆಟ್ ಮಾಡಿದರೆ ಹೊಸ ಸೆಟ್ಟಿಂಗ್ ಜೊತೆ 1.1 ತಾನಾಗಿಯೇ ಬರುತ್ತೆ. ಸುಮ್ನೆ ಅಂಕಿ ಮಾತ್ರ ತಿದ್ದಿದರೆ ಎಚ್ಚರಿಕೆ ಹೋಗುತ್ತೆ, ತೊಂದರೆ ಹಾಗೇ ಉಳಿಯುತ್ತೆ.

ಈ ಅಂಕಿ ಬಗ್ಗೆ ಇನ್ನೊಂದು ಮಾತು. 1.0ರಿಂದ 1.1 ಆದರೆ ಸೆಟ್ಟಿಂಗ್ ಅಳಿಸಿದರೆ ಸಾಕು. ಚುಕ್ಕಿಗೆ ಮೊದಲಿನ ಅಂಕಿ ಬದಲಾಗಿ 2.0 ಅಂತ ಇದ್ದರೆ ಅದು ಬೇರೆಯೇ ಕಥೆ. ಉದಾಹರಣೆಗೆ ಫ್ಲಾಶ್ ಪಾರ್ಟಿಷನ್‌ಗಳ ಜೋಡಣೆಯೇ ಬದಲಾಗಿರಬಹುದು. ಅಂಥ ಕಡೆ ದಯವಿಟ್ಟು ಫೋರ್ಸ್ ಹಾಕಲೇಬೇಡಿ. ನಿಮ್ಮ ಮಾಡೆಲ್‌ನ ಪುಟದಲ್ಲಿ ಹೇಳಿರುವ ಕ್ರಮದಲ್ಲೇ ಇನ್‌ಸ್ಟಾಲ್ ಮಾಡಿ.

ದೀಪದಕಂಬ:
ರೀಸೆಟ್ ಆಯ್ತು, ಕೇಬಲ್ ಕೆಲಸ ಮಾಡ್ತಿದೆ, ಇಂಟರ್ನೆಟ್ಟೂ ಬಂತು! ತುಂಬಾ ಧನ್ಯವಾದ. ನೆಟ್‌ವರ್ಕ್ ಫೈಲಿನಲ್ಲಿ ಈಥ್0.1 ಇದ್ದ ಜಾಗದಲ್ಲಿ ಈಗ ಬಿಆರ್-ಲ್ಯಾನ್, ಅದರ ಕೆಳಗೆ ಲ್ಯಾನ್1ರಿಂದ ಲ್ಯಾನ್4 ಸಾಲಾಗಿ ಇದೆ.

ಒಂದು ಉಳಿದಿದೆ. ಮೊದಲು ನಾಲ್ಕನೇ ಪೋರ್ಟನ್ನು ವೀಲ್ಯಾನ್ 10ಕ್ಕೆ ಹಾಕಿ ಕ್ಯಾಮೆರಾಗಳಿಗೆ ಬೇರೆ ಜಾಲ ಮಾಡಿದ್ದೆ. ಆಗ ‘ಸ್ವಿಚ್’ ಅನ್ನೋ ಮೆನು ಇತ್ತು, ಈಗ ಕಾಣ್ತಿಲ್ಲ. ಇನ್ನೊಂದು, ಹಾಕಿಕೊಂಡಿದ್ದ ಪ್ಯಾಕೇಜುಗಳೂ (ಹೆಚ್ಚುವರಿ ತಂತ್ರಾಂಶ) ಹೋಗಿವೆ.

ತಂತಿಜಾಲ:
ಸ್ವಿಚ್ ಮೆನು ಡಿಎಸ್‌ಎಯಲ್ಲಿ ಇರಲ್ಲ. ಇಂಟರ್‌ಫೇಸಸ್ ಪುಟದ ‘ಡಿವೈಸಸ್’ ಟ್ಯಾಬಿಗೆ ಹೋಗಿ, ಬಿಆರ್-ಲ್ಯಾನ್ ಎದುರು ಕಾನ್ಫಿಗರ್ ಒತ್ತಿ, ‘ಬ್ರಿಡ್ಜ್ ವೀಲ್ಯಾನ್ ಫಿಲ್ಟರಿಂಗ್’ ತೆರೆಯಿರಿ. ವೀಲ್ಯಾನ್ 1ರಲ್ಲಿ ಲ್ಯಾನ್1, 2, 3 ಅನ್‌ಟ್ಯಾಗ್ಡ್. ವೀಲ್ಯಾನ್ 10ರಲ್ಲಿ ಲ್ಯಾನ್4 ಮಾತ್ರ ಅನ್‌ಟ್ಯಾಗ್ಡ್. ಎರಡರಲ್ಲೂ ‘ಲೋಕಲ್’ ಟಿಕ್ ಇರಲಿ, ಇಲ್ಲದಿದ್ದರೆ ರೂಟರಿಗೇ ಆ ಜಾಲ ಸಿಗಲ್ಲ.

ಇಲ್ಲಿ ‘ಸೇವ್’ ಮಾತ್ರ ಒತ್ತಿ, ಅಪ್ಲೈ ಬೇಡ. ತುಂಬ ಜನ ಎಡವುವ ಜಾಗ ಇದು. ಫಿಲ್ಟರಿಂಗ್ ಶುರುವಾದ ಮೇಲೆ ಲ್ಯಾನ್ ಇಂಟರ್‌ಫೇಸ್ ಬರೀ ಬಿಆರ್-ಲ್ಯಾನ್ ಮೇಲೆ ಇದ್ದರೆ ನೀವು ಹೊರಗೆ ಉಳೀತೀರಿ. ಲ್ಯಾನ್ ಇಂಟರ್‌ಫೇಸಿನ ಡಿವೈಸನ್ನು ‘ಬಿಆರ್-ಲ್ಯಾನ್.1’ ಮಾಡಿ. ಕ್ಯಾಮೆರಾಗಳಿಗೆ ಹೊಸ ಇಂಟರ್‌ಫೇಸ್ ಮಾಡಿ, ಡಿವೈಸ್ ‘ಬಿಆರ್-ಲ್ಯಾನ್.10’, ವಿಳಾಸ 192.168.10.1, ಡಿಎಚ್‌ಸಿಪಿ ಆನ್. ಅದಕ್ಕೆ ಬೇರೆ ಫೈರ್‌ವಾಲ್ ಜೋನ್ ಕೊಡಿ. ಇನ್‌ಪುಟ್ ರಿಜೆಕ್ಟ್ ಇಟ್ಟರೆ ಡಿಎಚ್‌ಸಿಪಿಯ 67, ಡಿಎನ್‌ಎಸ್‌ನ 53 ಈ ಎರಡು ಪೋರ್ಟಿಗೆ ಅನುಮತಿ ಕೊಡಲೇಬೇಕು. ಕ್ಯಾಮೆರಾ ಹೊರಗಡೆ ಮಾತಾಡಬಾರದು ಅಂತಿದ್ದರೆ ವ್ಯಾನ್‌ಗೆ ಫಾರ್ವರ್ಡ್ ಕೊಡಬೇಡಿ. ನಾನಂತೂ ಕೊಡಲ್ಲ.

ಎಲ್ಲ ಆದ ಮೇಲೆ ‘ಸೇವ್ ಅಂಡ್ ಅಪ್ಲೈ’. ಕಂಪ್ಯೂಟರ್ ಲ್ಯಾನ್1ರಲ್ಲಿರಲಿ. ಬ್ರೌಸರ್ ರೂಟರನ್ನು ಮತ್ತೆ ಮುಟ್ಟಲಾಗದೆ ಹೋದರೆ 90 ಸೆಕೆಂಡಿನಲ್ಲಿ ಲೂಸಿ ಹಳೇ ಸ್ಥಿತಿಗೆ ತಾನೇ ಮರಳುತ್ತೆ. ಆ ಹೊತ್ತಿನಲ್ಲಿ ಪವರ್ ತೆಗೀಬೇಡಿ.

ಏಳನೇಪದರ:
ಪ್ಯಾಕೇಜುಗಳ ಬಗ್ಗೆ ನಾನು ಹೇಳ್ತೀನಿ. ಸಿಸ್‌ಅಪ್‌ಗ್ರೇಡ್ ಉಳಿಸಿಕೊಳ್ಳೋದು ಸೆಟ್ಟಿಂಗ್ ಫೈಲುಗಳನ್ನು ಮಾತ್ರ. ಪ್ಯಾಕೇಜುಗಳನ್ನು ಪ್ರತಿ ಸಲವೂ ಮತ್ತೆ ಹಾಕಬೇಕು. ಹಾಗಾಗಿ ಅಪ್‌ಗ್ರೇಡಿಗೆ ಮೊದಲು ಪಟ್ಟಿ ಮಾಡಿಟ್ಟುಕೊಳ್ಳಿ. ಇಲ್ಲವೇ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಬಳಸಿ. ಅದು ನಿಮ್ಮ ಪ್ಯಾಕೇಜುಗಳನ್ನೂ ಸೇರಿಸಿಯೇ ಹೊಸ ಇಮೇಜ್ ಕಟ್ಟಿಸಿ ತರುತ್ತೆ. ಆದರೆ ಸ್ವಿಚ್‌ಕಾನ್ಫಿಗ್ ದಾಟುವ ಈ ತರಹದ ಜಿಗಿತಕ್ಕೆ ಕೈಯಾರೆ ಮಾಡೋದೇ ಒಳ್ಳೇದು.

ಓಪಿಕೆಜಿಯಲ್ಲಿ (ಪ್ಯಾಕೇಜ್ ಹಾಕುವ ಆಜ್ಞೆ) ಎಲ್ಲ ಪ್ಯಾಕೇಜನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಮೂಲ ಫೈಲುಗಳು ಓದಲು ಮಾತ್ರ ಬರುವ ಸ್ಕ್ವಾಶ್‌ಎಫ್‌ಎಸ್‌ನಲ್ಲಿ ಇರುತ್ತವೆ. ಹೊಸ ಪ್ರತಿ ಓವರ್‌ಲೇಯಲ್ಲಿ (ಬರೆಯಬಹುದಾದ ಭಾಗ) ಕೂರುತ್ತೆ, ಹಳೆಯದೂ ಜಾಗ ಬಿಡಲ್ಲ. 16 ಎಂಬಿ ಬೇಗ ತುಂಬಿಹೋಗುತ್ತೆ.

ಇನ್ನು ಮುಂದಿನ ಅಪ್‌ಗ್ರೇಡಿಗೆ. ಸಿಸ್‌ಅಪ್‌ಗ್ರೇಡ್ ಆಜ್ಞೆಗೆ ದೊಡ್ಡಕ್ಷರದ ಟಿ ಕೊಟ್ಟರೆ ಇಮೇಜ್ ಹೊಂದುತ್ತಾ ಅಂತ ಪರೀಕ್ಷೆ ಮಾತ್ರ ಮಾಡುತ್ತೆ, ಏನೂ ಬರೆಯಲ್ಲ. ಎಸ್‌ಎಸ್‌ಎಚ್‌ನಲ್ಲಿ ಅದನ್ನು ಮೊದಲು ಓಡಿಸಿ, ಬಂದದ್ದನ್ನು ಪೂರ್ತಿ ಓದಿ. ಸೀರಿಯಲ್ ಕೇಬಲ್ ಇದ್ದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಇಮೇಜನ್ನು ಬೂಟ್‌ಲೋಡರ್‌ನಿಂದ ಟಿಎಫ್‌ಟಿಪಿ ಮೂಲಕ ರ‍್ಯಾಮಿಗೇ ಏರಿಸಿ ನೋಡಬಹುದು. ಎರಡೂ ರೇಡಿಯೋ, ಪ್ರತಿ ಪೋರ್ಟು, ಲೈಟುಗಳು ಎಲ್ಲ ಪರೀಕ್ಷಿಸಿ. ಪವರ್ ತೆಗೆದರೆ ಹಳೇ ಫರ್ಮ್‌ವೇರ್ ಹಾಗೇ ಏಳುತ್ತೆ. ಸೀರಿಯಲ್‌ಗೆ 3.3 ವೋಲ್ಟಿನ ಅಡಾಪ್ಟರೇ ಬೇಕು. ವೇಗ ಮಾಡೆಲ್‌ಗೆ ತಕ್ಕ ಹಾಗೆ 57600 ಅಥವಾ 115200. ಜಿಎನ್‌ಡಿ, ಟಿಎಕ್ಸ್, ಆರ್‌ಎಕ್ಸ್ ಮೂರು ತಂತಿ ಸಾಕು, ವಿಸಿಸಿ (ಪವರ್ ತಂತಿ) ಸೇರಿಸಬೇಡಿ.

ಎಲ್ಲಕ್ಕಿಂತ ಮುಖ್ಯ, ‘ಫ್ಯಾಕ್ಟರಿ’ ಪಾರ್ಟಿಷನ್ ಬ್ಯಾಕಪ್. ರೇಡಿಯೋದ ಕ್ಯಾಲಿಬ್ರೇಷನ್, ಮ್ಯಾಕ್ ವಿಳಾಸ ಅದರಲ್ಲಿರುತ್ತೆ. ಪ್ರತಿ ರೂಟರಿಗೂ ಅದು ಬೇರೆ, ಕಳೆದುಹೋದರೆ ಬೇರೆಯವರ ಫೈಲಿನಿಂದ ಸರಿಯಾಗಲ್ಲ. ಲೂಸಿಯ ಬ್ಯಾಕಪ್ ಪುಟದಲ್ಲಿ ಕೆಳಗೆ ‘ಸೇವ್ ಎಂಟಿಡಿಬ್ಲಾಕ್ ಕಂಟೆಂಟ್ಸ್’ ಇದೆ. ಈಗ ರೂಟರ್ ಸರಿ ಇದೆಯಲ್ಲ, ಇವತ್ತೇ ಇಳಿಸಿಟ್ಟುಕೊಳ್ಳಿ.

ದೀಪದಕಂಬ:
ಫ್ಯಾಕ್ಟರಿ ಪಾರ್ಟಿಷನ್ ಇಳಿಸಿಕೊಂಡೆ. ವೀಲ್ಯಾನ್ 10 ಕೂಡ ಆಯ್ತು, ಕ್ಯಾಮೆರಾಗಳಿಗೆ 192.168.10 ಸಾಲಿನ ವಿಳಾಸ ಬರ್ತಿದೆ. ಲ್ಯಾನ್1ರಿಂದ ಕ್ಯಾಮೆರಾದ ಪುಟ ಮಾತ್ರ ತೆರೆಯಲ್ಲ.

ತಂತಿಜಾಲ:
ಅದು ಫೈರ್‌ವಾಲ್. ಲ್ಯಾನ್ ಜೋನ್‌ನಿಂದ ಕ್ಯಾಮೆರಾ ಜೋನ್‌ಗೆ ಫಾರ್ವರ್ಡಿಂಗ್ ಕೊಡಿ. ವಾಪಸ್ ದಿಕ್ಕಿಗೆ ಬೇಡ. ಶುರುವಾದ ಸಂಪರ್ಕದ ಉತ್ತರಗಳು ತಾವಾಗಿಯೇ ಬರುತ್ತವೆ.