ಡೇಟಾಬೇಸ್ ಇಡೀ ಡಿಸ್ಕನ್ನೇ ನುಂಗದಂತೆ ತಡೆಯುವುದು ಹೇಗೆ?

ಕೇಳಿದವರು, ಬ್ಯಾಡಗಿ: ನಮ್ಮದು ಮೆಣಸಿನಕಾಯಿ ದಲ್ಲಾಳಿ ಅಂಗಡಿ. ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ 8 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಲಿನಕ್ಸ್ ಯಂತ್ರ, 100 ಜಿಬಿ ಡಿಸ್ಕ್. ಸೋಮವಾರ ವಹಿವಾಟಿನ ಹೊತ್ತಿಗೇ ಡಿಸ್ಕ್ ತುಂಬಿ, ರೈತರ ಪಟ್ಟಿಗಳನ್ನು (ಮಾರಿದ ಮಾಲಿನ ಲೆಕ್ಕದ ಚೀಟಿಗಳನ್ನು) ಸಂಜೆಯವರೆಗೆ ಕೈಯಲ್ಲೇ ಬರೆದೆವು. 40 ಜಿಬಿ ದಾಟಬಾರದೆಂದು ಡೇಟಾಬೇಸಿಗೆ ಮಿತಿ ಹಾಕಲು ಬರುತ್ತದೆಯೇ?

ಹುಬ್ಬಳ್ಳಿಯಿಂದ: ಒಂದು ಡೇಟಾಬೇಸಿಗೆ ಇಷ್ಟೇ ಜಾಗ ಎಂದು ಕಟ್ಟಿಹಾಕುವ ಸೌಲಭ್ಯ ಮೈಎಸ್‌ಕ್ಯೂಎಲ್‌ನಲ್ಲಿಲ್ಲ. ನಾನೂ ಎರಡು ದಿನ ಹುಡುಕಿ ಸೋತವನೇ. ದತ್ತಾಂಶವನ್ನು ಡಿಸ್ಕಿನಲ್ಲಿ ಇಡುವ ಅದರ ಒಳಭಾಗವಾದ ಇನ್ನೊಡಿಬಿಗೆ ಗರಿಷ್ಠ ಗಾತ್ರ ಕೊಡಬಹುದು, ಆದರೆ ಅದು ಸಿಸ್ಟಮ್ ಟೇಬಲ್‌ಸ್ಪೇಸಿನಂಥ, ಎಲ್ಲಕ್ಕೂ ಸೇರಿದ ಸಾಮಾನ್ಯ ಫೈಲುಗಳಿಗೆ ಮಾತ್ರ. ಈಗ ಪ್ರತಿ ಟೇಬಲ್ಲಿಗೂ ಬೇರೆ ಫೈಲ್ ಇರುವುದರಿಂದ ನಿಮ್ಮ ಕೆಲಸಕ್ಕೆ ಬಾರದು. ಕೊನೆಗೆ ಡೇಟಾ ಕಡತಕೋಶವನ್ನು ಪ್ರತ್ಯೇಕ ಪಾರ್ಟಿಷನ್ನಿಗೆ (ಡಿಸ್ಕಿನಲ್ಲಿ ಬೇರ್ಪಡಿಸಿದ ಭಾಗಕ್ಕೆ) ಸಾಗಿಸಿದೆ. ತುಂಬಿದರೆ ಅದೊಂದೇ ತುಂಬುತ್ತದೆ, ಯಂತ್ರ ಬದುಕಿರುತ್ತದೆ. ಆದರೆ ಪಟ್ಟಿ ಆಗಲೂ ನಿಲ್ಲುತ್ತದೆ, ಅದನ್ನು ಮರೆಯಬೇಡಿ.

ಅದಕ್ಕೂ ಮೊದಲು ಜಾಗ ತಿನ್ನುತ್ತಿರುವುದು ಯಾವುದೆಂದು ನೋಡಿ. ನನ್ನಲ್ಲಿ ಕಳ್ಳ, ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಫೈಲುಗಳಲ್ಲಿ ಬರೆದಿಡುವ ಬಿನ್‌ಲಾಗ್ ಆಗಿತ್ತು. 8ರಲ್ಲಿ ಅದು ತಾನಾಗಿಯೇ ಚಾಲೂ ಇದ್ದು, 30 ದಿನದ ಬರಹವನ್ನು ಹಿಡಿದಿಡುತ್ತದೆ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದ್ದುದರಿಂದ ನಾನು ಅದನ್ನು 3 ದಿನಕ್ಕೆ ಇಳಿಸಿದೆ. ಆ ಫೈಲುಗಳನ್ನು ಕೈಯಿಂದ ಅಳಿಸಲು ಹೋಗಬೇಡಿ. ಹಳೆಯವನ್ನು ತೆಗೆಯಲೆಂದೇ ಇರುವ ಪರ್ಜ್ ಆಜ್ಞೆಯನ್ನೇ ಕೊಡಿ.

ಗದಗಿನಿಂದ: ನೀವು ಬೇಡುತ್ತಿರುವ ಮಿತಿ ನಮ್ಮ ಮುದ್ರಣಾಲಯಕ್ಕೆ ಕೇಳದೆಯೇ ಸಿಕ್ಕಿತ್ತು! ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್ 2019ರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಅಷ್ಟೇ. ಲಗ್ನಪತ್ರಿಕೆಗಳ ಹಂಗಾಮಿನಲ್ಲಿ ಸರಿಯಾಗಿ ಅಲ್ಲಿಗೆ ಮುಟ್ಟಿ, ಹೊಸ ಆರ್ಡರ್ ಒಂದೂ ಸೇರದಾಯಿತು. ವಿನ್ಯಾಸದ ಚಿತ್ರಗಳನ್ನೂ ಡೇಟಾಬೇಸಿನಲ್ಲೇ ತುರುಕಿದ್ದೆವು. ಅವನ್ನು ಹೊರಗಿನ ಫೋಲ್ಡರಿಗೆ ಹಾಕಿ, ಒಳಗೆ ವಿಳಾಸವನ್ನಷ್ಟೇ ಉಳಿಸಿಕೊಂಡೆವು.

ಧಾರವಾಡದಿಂದ: ಹಳೆಯ ಸಾಲುಗಳನ್ನು ಅಳಿಸಿದ ಮಾತ್ರಕ್ಕೆ ಡಿಸ್ಕಿನಲ್ಲಿ ಜಾಗ ಮರಳುವುದಿಲ್ಲ. ಮೈಎಸ್‌ಕ್ಯೂಎಲ್‌ನ ಆಪ್ಟಿಮೈಸ್ ಆಜ್ಞೆ ಕೊಟ್ಟರೆ ಮರಳುತ್ತದೆ, ಆದರೆ ಟೇಬಲ್ಲನ್ನು ಹೊಸದಾಗಿ ಕಟ್ಟಲು ಅದಕ್ಕೇ ಖಾಲಿ ಜಾಗ ಬೇಕು. ಪೂರ್ತಿ ತುಂಬಿದ ಮೇಲೆ ಶುರು ಮಾಡಿ ಪೇಚಿಗೆ ಸಿಲುಕಿದ್ದೇನೆ.

ಕೇಳಿದವರು, ಬ್ಯಾಡಗಿ: ನೋಡಿದೆ. ದತ್ತಾಂಶ 21 ಜಿಬಿ, ಬಿನ್‌ಲಾಗ್ 58! ಪ್ರತಿ ರಾತ್ರಿ ಎಲ್ಲರ ಬಾಕಿಯನ್ನೂ ಹೊಸದಾಗಿ ಬರೆಯುವ ಕೆಲಸವೊಂದಿತ್ತು, ಅದರದ್ದೇ ಪ್ರತಾಪ. ಬದಲಾದ ಖಾತೆಗಳನ್ನಷ್ಟೇ ಬರೆಯುವಂತೆ ತಿದ್ದಿಸಿದ್ದೇನೆ. 80 ಶೇಕಡಾ ತುಂಬಿದೊಡನೆ ಮೊಬೈಲಿಗೆ ಸಂದೇಶ ಬರುತ್ತದೆ. ಪಾರ್ಟಿಷನ್ ಕೆಲಸವನ್ನು ಹಂಗಾಮು ಮುಗಿದ ಮೇಲೆ ಇಟ್ಟುಕೊಂಡಿದ್ದೇನೆ.