ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಮಲಗಿ ರಾಡ್ ಎತ್ತುವುದು) ನನ್ನ ನಿಜವಾದ ಮ್ಯಾಕ್ಸ್, ಅಂದರೆ ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ತೂಕ, ಎಷ್ಟು? ಅನುಭವ ಇದ್ದವರು ಹೇಳಿ

ಮಂಡ್ಯ ಹುಡುಗ: ನನ್ನ ತೂಕ 68 ಕೆಜಿ. 60 ಕೆಜಿಯಲ್ಲಿ ಹತ್ತು ರೆಪ್ (ಬಿಡದೆ ಹತ್ತು ಸಲ ಇಳಿಸಿ ಎತ್ತುವುದು) ಬರುತ್ತದೆ. ಎದೆಗೆ ಮುಟ್ಟಿಸಿದರೆ ಬಲ ಭುಜ ಚುಳುಕ್ ಅನ್ನುತ್ತದೆ. ಜಿಮ್‌ನಲ್ಲಿ ಸಣ್ಣ ಸ್ಪರ್ಧೆ ಇದೆ. ಮ್ಯಾಕ್ಸ್ ತೂಕ ಹಾಕಿ ಸಿಂಗಲ್ (ಒಂದೇ ರೆಪ್) ಟ್ರೈ ಮಾಡಲಾ, ಇಲ್ಲ ಲೆಕ್ಕ ಹಾಕಿಕೊಂಡರೆ ಸಾಕಾ?

ಕುವೆಂಪುನಗರ: ಭುಜದ ವಿಷಯ ನನ್ನ ಹತ್ರ ಕೇಳಿ. ಮೊಣಕೈ ಪೂರ್ತಿ ಅಗಲಿಸಿ, ರಾಡ್ ಕುತ್ತಿಗೆ ಹತ್ತಿರ ಇಳಿಸಿ ಅಂತಲೇ ನನಗೆ ಕಲಿಸಿದ್ದು. ಎದೆ ಅಗಲ ಆಗುತ್ತಂತೆ. ಆಗಿದ್ದು ಭುಜ ನೋವು. ಎಂಆರ್‌ಐಗೆ 6,500, ಡಾಕ್ಟರ್ ಫೀಸು 600, ಫಿಸಿಯೋಗೆ ಒಂದು ಸಿಟ್ಟಿಂಗ್‌ಗೆ 400. ಆ ಜಿಮ್‌ನವರು ವರ್ಷದ ಫೀಸು 9,000 ಮೊದಲೇ ಕಟ್ಟಿಸಿಕೊಂಡಿದ್ದರು. ವಾಪಸ್ ಕೇಳಿದರೆ ಬೇರೆಯವರ ಹೆಸರಿಗೆ ಮಾಡಿಸಿ ಎಂದರು. ತಮ್ಮನ ಹೆಸರಿಗೆ ಮಾಡಿಸಲು ಹೋದರೆ ಅದಕ್ಕೂ 500! ಈಗ ಬೇರೆ ಜಿಮ್. ಬೆನ್ನಿನ ರೆಕ್ಕೆ ಮೂಳೆ ಎರಡನ್ನೂ ಹಿಂದಕ್ಕೆಳೆದು ಬೆಂಚಿಗೆ ಒತ್ತುತ್ತೇನೆ. ಮೊಣಕೈ ಸ್ವಲ್ಪ ಒಳಗೆ, ರಾಡ್ ಎದೆಯ ಕೆಳಭಾಗಕ್ಕೆ. ನೋವಿಲ್ಲ.

ಗುತ್ತಲು: ಮೊದಲು ಆ 60 ನಿಜವಾಗಿ 60 ಹೌದಾ ನೋಡಿ. ನಮ್ಮ ಹಳೇ ಜಿಮ್‌ನಲ್ಲಿ ರಾಡ್ 20 ಕೆಜಿ ಅಂತಲೇ ಎಲ್ಲರ ಲೆಕ್ಕ. ನಾನು ಅದನ್ನು ಹೊತ್ತುಕೊಂಡು ಹೋಗಿ ಎದುರಿನ ಗುಜರಿ ಅಂಗಡಿ ತಕ್ಕಡಿ ಮೇಲಿಟ್ಟೆ. 13 ಕೆಜಿ 400 ಗ್ರಾಂ. ಅಂಗಡಿಯವರು "ಕೊಡ್ತೀರಾ ಸಾರ್?" ಅಂದರು. ನೂರು ಎತ್ತಿದೆ ಅಂತ ಸ್ಟೇಟಸ್ ಹಾಕಿದ್ದವರೆಲ್ಲ ನನ್ನ ಜೊತೆ ಮಾತು ಬಿಟ್ಟರು. ಸ್ಪರ್ಧೆಯ ರಾಡ್ 20 ಕೆಜಿ, ಪ್ಲೇಟ್ ಜಾರದಂತೆ ಎರಡೂ ತುದಿಗೆ ಹಾಕುವ ಕಾಲರ್ ತಲಾ ಎರಡೂವರೆ.

ಸರಸ್ವತಿಪುರಂ: ತಕ್ಕಡಿ ಪುರಾಣ ಸಾಕು. ರೆಪ್ಪನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಿ. 60ರಲ್ಲಿ ಹತ್ತು ಅಂದರೆ 80. ಎಪ್ಲಿ ಸೂತ್ರ ಇದು. ನಾನಂತೂ ಸಿಂಗಲ್ ಮುಟ್ಟುವುದೇ ಇಲ್ಲ, ಭುಜ ಹೊಸದರಂತಿದೆ.

ಗುತ್ತಲು: ಹಾಳೆ ಮೇಲೆ 80 ಎತ್ತೋಕೆ ಭುಜ ಯಾಕೆ ಬೇಕು ಹೇಳಿ! ಎದೆ ಮೇಲೆ ಕುಪ್ಪಳಿಸಿದ ರೆಪ್ ಯಾವ ಸೂತ್ರಕ್ಕೂ ಬರಲ್ಲ. ಪವರ್‌ಲಿಫ್ಟಿಂಗ್‌ನಲ್ಲಿ ರಾಡ್ ಎದೆ ಮೇಲೆ ನಿಲ್ಲಬೇಕು. ರೆಫ್ರಿ "ಪ್ರೆಸ್" ಅಂದ ಮೇಲೇ ಎತ್ತಬೇಕು. ಅಂಡು ಬೆಂಚು ಬಿಟ್ಟರೆ ಲಿಫ್ಟ್ ಹೋಯ್ತು. ಬೆನ್ನು ಬಿಲ್ಲು ಮಾಡಿ ರಾಡನ್ನು ನಾಲ್ಕೇ ಇಂಚು ಎತ್ತೋರ ಆಟಕ್ಕೂ ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) 2023ರಲ್ಲಿ ಕಡಿವಾಣ ಹಾಕಿತು. ಮೊಣಕೈಯ ಕೆಳಭಾಗ ಭುಜದ ಮೇಲ್ಭಾಗದ ಮಟ್ಟಕ್ಕಾದರೂ ಇಳಿಯಲೇಬೇಕು.

ಸರಸ್ವತಿಪುರಂ: ಬೆನ್ನು ಬಿಲ್ಲು ಮಾಡೋದು ಟೆಕ್ನಿಕ್ ಸ್ವಾಮಿ. ಬಾಗದವರಿಗೆ ಹೊಟ್ಟೆಕಿಚ್ಚು.

ಅಗ್ರಹಾರ: ನಮ್ಮ ಗರಡಿಯಲ್ಲಿ ಮಲಗಿಕೊಂಡು ಯಾರೂ ಸಾಮು ಮಾಡಲಿಲ್ಲ. ದಂಡ, ಬಸ್ಕಿ, ಗದೆ. ದಸರಾ ಕುಸ್ತಿಗೆ ಮಟ್ಟಿಗಿಳಿದರೆ ಯಾರ ಶಕ್ತಿ ಎಷ್ಟು ಅಂತ ತಾನೇ ಗೊತ್ತಾಗುತ್ತಿತ್ತು. ಒಲಿಂಪಿಕ್ಸ್‌ನಲ್ಲೇ ಇಲ್ಲ ನಿಮ್ಮ ಬೆಂಚು.

ಸರಸ್ವತಿಪುರಂ: ಯಜಮಾನರೇ, ಪ್ಯಾರಾಲಿಂಪಿಕ್ಸ್‌ನಲ್ಲಿದೆ. 2004ರ ಅಥೆನ್ಸ್‌ನಲ್ಲಿ ನಮ್ಮ ಭಾರತದ ರಾಜಿಂದರ್ ಸಿಂಗ್ ರಹೇಲು ಕಂಚು ಗೆದ್ದರು. ಅಲ್ಲಿ ಕಾಲು ಬೆಂಚಿನ ಮೇಲೇ ಇರುತ್ತದೆ, ನೆಲ ಒತ್ತುವ ಅನುಕೂಲವೂ ಇಲ್ಲ. ಅದು ಶಕ್ತಿ ಅಲ್ವಾ?

ಅಗ್ರಹಾರ: ಅವರಿಗೆ ಕೈ ಮುಗಿದೆ. ನಾನು ಹೇಳಿದ್ದು ಇಲ್ಲಿನ ಸ್ಟೇಟಸ್ ಪೈಲ್ವಾನರಿಗೆ.

ಮಂಡ್ಯ ಹುಡುಗ: ಅಣ್ಣಾ, ಸಿಂಗಲ್ ಮಾಡಲಾ ಬೇಡವಾ?

ಗುತ್ತಲು: ಮಾಡಪ್ಪ. ಹಿಂದೆ ಒಬ್ಬನನ್ನು ನಿಲ್ಲಿಸಿಕೋ, ಹೆಬ್ಬೆರಳು ರಾಡಿಗೆ ಸುತ್ತಿರಲಿ. ಹಿಂದೆ ನಿಂತವನ ಬೆರಳು ತಾಗಿದರೂ ಆ ಲಿಫ್ಟ್ ನಿನ್ನದಲ್ಲ.

ಕುವೆಂಪುನಗರ: ಭುಜ ಚುಳುಕ್ ಅನ್ನೋ ಹುಡುಗನಿಗೆ ಸಿಂಗಲ್ ಮಾಡು ಅಂತೀರಲ್ಲ, ಎಂಆರ್‌ಐ ದುಡ್ಡು ನೀವು ಕೊಡ್ತೀರಾ?

ಗುತ್ತಲು: ನಿಮ್ಮ 6,500 ನಾನು ತಿಂದೆನಾ?